ಜಿಂಕೆಗೂ ಎಲ್ಕ್‌ಗೂ ಒಂದೇ ರೈಫಲ್: ಕ್ಯಾಲಿಬರ್ ಆರಿಸುವುದು ಹೇಗೆ?

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧವಾಗಿರುವುದರಿಂದ, ಈ ಬರಹ ಅಮೆರಿಕದ ಕೊಲರಾಡೊ ರಾಜ್ಯದಲ್ಲಿದ್ದು ಅಲ್ಲಿನ ಪರವಾನಗಿಯೊಂದಿಗೆ ಬೇಟೆಗೆ ಹೊರಡುವ ಕನ್ನಡಿಗರಿಗಾಗಿ. ಎಚ್-1ಬಿಯಂತಹ ವೀಸಾದಲ್ಲಿರುವವರು ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇಲ್ಲದೆ ಬಂದೂಕು ಹೊಂದುವುದು ಫೆಡರಲ್ ಕಾನೂನಿನಂತೆ ಸಾಮಾನ್ಯವಾಗಿ ಅಪರಾಧವಾಗುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲೇ ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳಬೇಕು.

ಕ್ಯಾಲಿಬರ್ ಎಂದರೆ ನಳಿಗೆಯ ಒಳ ವ್ಯಾಸ, ಸಾಮಾನ್ಯವಾಗಿ ಅಂಗುಲದ ಲೆಕ್ಕದಲ್ಲಿ. ಆದರೆ ಅಂಗಡಿಯಲ್ಲಿ ಆ ಹೆಸರಿನಿಂದ ಕೇಳುವುದು ಇಡೀ ಕಾಡತೂಸನ್ನು. .308 ವಿಂಚೆಸ್ಟರ್, .30-06 ಸ್ಪ್ರಿಂಗ್‌ಫೀಲ್ಡ್, .300 ವಿಂಚೆಸ್ಟರ್ ಮ್ಯಾಗ್ನಮ್ ಈ ಮೂರನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ನೋಡಿ: ತುದಿಯ ಗುಂಡಿನ ದಪ್ಪ ಮೂರರಲ್ಲೂ 7.82 ಮಿ.ಮೀ., ಹಿತ್ತಾಳೆ ಚಿಪ್ಪಿನ ಉದ್ದ ಮಾತ್ರ ಸುಮಾರು 51, 63, 67 ಮಿ.ಮೀ. ಗುಂಡು ಒಂದೇ, ಹಿಂದಿರುವ ಮದ್ದು ಬೇರೆ. ವೇಗವೂ ಭುಜಕ್ಕೆ ಬೀಳುವ ಒದೆಯೂ ಅದಕ್ಕೆ ತಕ್ಕಂತೆ ಏರುತ್ತವೆ. ದಪ್ಪ ಒಂದೇ ಎಂದು ಒಂದರ ಕಾಡತೂಸನ್ನು ಇನ್ನೊಂದರ ಬಂದೂಕಿಗೆ ತುಂಬುವುದು ಪ್ರಾಣಾಪಾಯದ ಕೆಲಸ.

ಮೊದಲ ಹೆಜ್ಜೆಯಾಗಿ, ನೀವು ಹೊಡೆಯಬೇಕೆಂದಿರುವ ಅತಿ ದೊಡ್ಡ ಪ್ರಾಣಿ ಯಾವುದೆಂದು ನಿರ್ಧರಿಸಿ. ಅಲ್ಲಿನ ಜಿಂಕೆಯಾದ ಮ್ಯೂಲ್ ಡೀರ್‌ನ ಗಂಡು ನೂರು ಕಿಲೋ ಆಸುಪಾಸು ತೂಗಿದರೆ, ಜಿಂಕೆಯ ಕುಲದ್ದೇ ಆದ ಭಾರಿ ಪ್ರಾಣಿ ಎಲ್ಕ್‌ನ ಗಂಡು ಮುನ್ನೂರು ಕಿಲೋ ದಾಟಬಲ್ಲದು. ಎರಡನೆಯದಾಗಿ ರಾಜ್ಯದ ನಿಯಮವನ್ನು ನೋಡಿ. ಕೊಲರಾಡೊದಲ್ಲಿ ಕನಿಷ್ಠ .24 ಕ್ಯಾಲಿಬರ್ ಬೇಕು, ಗುಂಡು ತಾಕಿದಾಗ ಅರಳುವಂಥದ್ದಾಗಿರಬೇಕು, ಅದರ ತೂಕ ಜಿಂಕೆಗೆ 70, ಎಲ್ಕ್‌ಗೆ 85 ಗ್ರೇನ್‌ಗಿಂತ ಕಡಿಮೆ ಇರಬಾರದು (ಒಂದು ಗ್ರಾಂ ಎಂದರೆ ಸುಮಾರು 15.4 ಗ್ರೇನ್). ಇದು ಕಾನೂನು ಒಪ್ಪುವ ಅತಿ ಕಡಿಮೆ ಮಟ್ಟವೇ ಹೊರತು ಸಲಹೆಯಲ್ಲ; ಈ ಮಟ್ಟದ .243 ಕಾಡತೂಸಿನಿಂದ ಎಲ್ಕ್ ಬೀಳುವುದುಂಟು, ಆದರೆ ಭುಜದ ಮೂಳೆ ಅಡ್ಡ ಬಂದರೆ ಗಾಯಗೊಂಡ ಪ್ರಾಣಿಯನ್ನು ಕತ್ತಲಾಗುವವರೆಗೂ ಹುಡುಕಬೇಕಾದೀತು.

ಮೂರನೆಯ ಹೆಜ್ಜೆ, ನಿಮ್ಮ ಭುಜ ತಡೆಯುವಷ್ಟೇ ಒದೆಯ ಕಾಡತೂಸನ್ನು ಆರಿಸುವುದು; ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಒಂದೇ ತೂಕದ ಬಂದೂಕಿನಲ್ಲಿ .300 ಮ್ಯಾಗ್ನಮ್‌ನ ಒದೆ 6.5 ಕ್ರೀಡ್‌ಮೂರ್ ಎಂಬ ಸಣ್ಣ ಕಾಡತೂಸಿನದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಒದೆಗೆ ಹೆದರಿದ ದೇಹ ಬಂದೂಕಿನ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಮುದುಡಿಕೊಳ್ಳುತ್ತದೆ, ಗುಂಡು ಗುರಿ ತಪ್ಪುತ್ತದೆ. ಎದೆಗೂಡಿಗೆ ಸರಿಯಾಗಿ ಬಿದ್ದ ಸಾಧಾರಣ ಗುಂಡು ಹೊಟ್ಟೆಗೆ ಬಿದ್ದ ಮ್ಯಾಗ್ನಮ್‌ಗಿಂತ ಎಷ್ಟೋ ಮೇಲು. ಜಿಂಕೆ, ಎಲ್ಕ್ ಎರಡಕ್ಕೂ ಒಂದೇ ಬಂದೂಕು ಸಾಕೆನ್ನುವವರಿಗೆ ನನ್ನ ಮೊದಲ ಆಯ್ಕೆ 1906ರಲ್ಲಿ ಅಮೆರಿಕದ ಸೇನೆಗಾಗಿ ರೂಪುಗೊಂಡ .30-06. ಹಳೆಯದೆಂದು ಮೂಗು ಮುರಿಯುವವರಿದ್ದಾರೆ, ಆದರೆ ಜಿಂಕೆಗೆ 150, ಎಲ್ಕ್‌ಗೆ 180 ಗ್ರೇನ್ ಎಂದು ತೂಕ ಬದಲಿಸುವ ಅನುಕೂಲ, ಸಣ್ಣ ಊರಿನ ಅಂಗಡಿಯಲ್ಲೂ ಕಾಡತೂಸು ಸಿಗುವ ಸೌಲಭ್ಯ ಇದಕ್ಕಿದೆ. ಒದೆ ಇನ್ನೂ ಕಡಿಮೆ ಬೇಕೆಂದರೆ .308, ಗುಂಡಿನ ಹಾದಿ ಇನ್ನಷ್ಟು ನೇರವಾಗಿರಬೇಕೆಂದರೆ 1925ರ .270 ವಿಂಚೆಸ್ಟರ್.

ನಾಲ್ಕನೆಯದು ಗುಂಡಿನ ರಚನೆ. ಮೆದು ಸೀಸದ ಅಗ್ಗದ ಗುಂಡು ಜಿಂಕೆಗೆ ಸಾಕಾದರೂ, ಎಲ್ಕ್‌ಗೆ ಒಳಗಿನ ಸೀಸ ಹೊರಕವಚಕ್ಕೆ ಬೆಸೆದಿರುವ ಅಥವಾ ಪೂರ್ತಿ ತಾಮ್ರದ ಗುಂಡು ಒಳಿತು. ಇವು ಚೂರಾಗದೆ ಆಳಕ್ಕೆ ಇಳಿಯುತ್ತವೆ.

ಕೊನೆಗೆ, ಕೊಳ್ಳುವ ಮುನ್ನ ಪರಿಚಿತರ ಬಂದೂಕನ್ನು ಶೂಟಿಂಗ್ ರೇಂಜ್‌ನಲ್ಲಿ ಹಾರಿಸಿ ನೋಡಿ. ಜೊತೆಗಾರರೊಬ್ಬರು ನಿಮಗೆ ಕಾಣದಂತೆ ನಡುನಡುವೆ ಮದ್ದಿಲ್ಲದ ಡಮ್ಮಿ ಕಾಡತೂಸು ತುಂಬಿಕೊಡಲಿ. ಬಂದೂಕು ಬರಿದೆ ‘ಟಕ್’ ಎಂದಾಗ ನಳಿಗೆಯ ತುದಿ ಕೆಳಕ್ಕೆ ಜಗ್ಗಿದರೆ, ಒದೆ ಒಂದು ಮಟ್ಟ ಕಡಿಮೆಯಿರುವ ಕಾಡತೂಸಿನ ಬಂದೂಕು ಕೈಗೆತ್ತಿಕೊಂಡು ಅದೇ ಪರೀಕ್ಷೆಯನ್ನು ಮತ್ತೆ ಮಾಡಿ.