ಸೋರೆಬುರುಡೆಯಲ್ಲಿ ಕಲ್ಲು ಕೂಡಿಸಿದ ಬಗೆ

ಧಾರವಾಡದಲ್ಲಿ ಬೆಳೆದವರಿಗೆ ಸೋರೆಬುರುಡೆ ಹೊಸ ವಸ್ತುವಲ್ಲ. ಸಂಗೀತ ಹೇಳುವವರ ಮನೆಗಳಲ್ಲಿ ಗೋಡೆಯ ಮೂಲೆಗೆ ಒರಗಿಸಿಟ್ಟ ತಂಬೂರಿಗಳ ಬುರುಡೆಯನ್ನೂ, ಅವುಗಳ ಅಂಚಿನಲ್ಲಿ ಮಿರಜದ ಕುಶಲಕರ್ಮಿಗಳು ಕೂಡಿಸಿದ ಬಿಳಿಯ ಕುಸುರಿಯನ್ನೂ ನಾನು ಬಾಲ್ಯದಿಂದ ನೋಡುತ್ತ ಬಂದಿದ್ದೇನೆ. ಅಮೆರಿಕದ ಆರಿಜೋನಾ, ನ್ಯೂ ಮೆಕ್ಸಿಕೊ ಕಡೆಯ ಕಲಾವಿದರು ಒಣಗಿದ ಬುರುಡೆಯ ಸಿಪ್ಪೆಯನ್ನೇ ಕೊರೆದು ಅದರಲ್ಲಿ ಹಸಿರುನೀಲಿಯ ಫಿರೋಜಾ ಕಲ್ಲಿನ ಚೂರುಗಳನ್ನು ತುಂಬುವುದನ್ನು ಚಿತ್ರಗಳಲ್ಲಿ ಕಂಡಾಗ, ನಮ್ಮ ಹಾಲುಗುಂಬಳದ, ಅಂದರೆ ಸೋರೆಯ, ಬುರುಡೆಯಲ್ಲಿ ಅದನ್ನು ಮಾಡಿ ನೋಡಬೇಕೆಂಬ ಆಸೆ ಹುಟ್ಟಿತು. ಆದರೆ ಕಲ್ಲಿನ ಆಯ್ಕೆಯಲ್ಲಿ ತಪ್ಪಿ ಎರಡು ಬುರುಡೆ ಕೆಡಿಸಿದ ಮೇಲೆಯೇ ಈ ಕೆಲಸ ನನ್ನ ಕೈಗೆ ಹತ್ತಿತು.

ಮುಂಗಾರಿನಲ್ಲಿ ಬಿತ್ತಿದ ಬಳ್ಳಿಯ ಕೆಲವು ಕಾಯಿಗಳನ್ನು ಅಡುಗೆಗೆ ಕೊಯ್ಯದೆ, ತೊಟ್ಟು ಕಂದುಬಣ್ಣಕ್ಕೆ ತಿರುಗಿ ಒಣಗುವವರೆಗೆ ಬಿಡುತ್ತೇನೆ. ಆಮೇಲೆ ಎರಡು ಬೆರಳಿನಷ್ಟು ತೊಟ್ಟು ಉಳಿಸಿ ಕೊಯ್ದು, ಗಾಳಿಯಾಡುವ ನೆರಳಿನಲ್ಲಿ ನಾಲ್ಕರಿಂದ ಆರು ತಿಂಗಳು ಇಡುತ್ತೇನೆ. ಮೈಮೇಲೆ ಕಪ್ಪು ಬೂಷ್ಟು ಬಂದರೆ ಹೆದರಬೇಕಾಗಿಲ್ಲ, ಒಳಗಿನ ನೀರು ಸಿಪ್ಪೆಯ ಮೂಲಕ ಹೊರಬೀಳುತ್ತಿದೆ ಎಂದೇ ಅದರ ಅರ್ಥ. ಮೆತ್ತಗಾಗಿ ಕುಸಿದದ್ದನ್ನು ಮಾತ್ರ ತೆಗೆದು ಹಾಕಬೇಕು. ಅಲುಗಿಸಿದಾಗ ಬೀಜ ಗಲಗಲ ಎಂದ ಬುರುಡೆಯನ್ನು ನೀರಿನಲ್ಲಿ ನೆನೆಸಿ, ಪಾತ್ರೆ ತಿಕ್ಕುವ ಉಕ್ಕಿನ ನಾರಿನಿಂದ ಉಜ್ಜಿ, ಮತ್ತೆ ಚೆನ್ನಾಗಿ ಒಣಗಿಸುತ್ತೇನೆ. ಕಲ್ಲು ಕೂಡಿಸಲು ಸಿಪ್ಪೆ 6 ಮಿ.ಮೀ. ದಪ್ಪವಾದರೂ ಇರಬೇಕು, ಏಕೆಂದರೆ 2ರಿಂದ 3 ಮಿ.ಮೀ. ಆಳದ ಕಾಲುವೆ ತೋಡಿದ ಮೇಲೂ ಅರ್ಧದಷ್ಟು ಗೋಡೆ ಉಳಿಯಬೇಕಾಗುತ್ತದೆ.

ಮೊದಲ ಬುರುಡೆಗೆ ಫಿರೋಜಾ ಎಂದು ಹೇಳಿ ಮಾರಿದ ಮಣಿಗಳನ್ನು ತಂದು ಒಡೆದೆ. ಅಂಟು ಹಾಕಿ, ಒಣಗಿಸಿ, ಪಾಲಿಶ್ ಕಾಗದದಿಂದ ತಿಕ್ಕತೊಡಗಿದಾಗ ಹತ್ತೇ ನಿಮಿಷದಲ್ಲಿ ನೀಲಿ ಹೋಗಿ ಸುಣ್ಣದಂಥ ಬಿಳುಪು ಹೊರಬಿತ್ತು. ಅದು ಬಣ್ಣ ಹಾಕಿದ ಹೌಲೈಟ್ ಎಂಬ ಬಿಳಿ ಕಲ್ಲು. ಬಣ್ಣ ಮೇಲ್ಪದರದಲ್ಲಷ್ಟೇ ಇಳಿದಿತ್ತು. ಈಗ ಯಾವ ಕಲ್ಲು ತಂದರೂ ಮೊದಲು ಒಂದನ್ನು ಒಡೆದು, ಒಳಗೂ ಅದೇ ಬಣ್ಣ ಇದೆಯೇ ಎಂದು ನೋಡುತ್ತೇನೆ.

ಎರಡನೆಯ ಬುರುಡೆ ಕಲಿಸಿದ ಪಾಠ ಇನ್ನೂ ದೊಡ್ಡದು. ಬಣ್ಣದ ಮೋಸವಾಗಬಾರದೆಂದು ಕೆಂಪು ಅಗೇಟ್ ಚೂರು ತುಂಬಿದೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ (Mohs) ಮಾನದಲ್ಲಿ ಅಗೇಟಿನ ಗಡಸುತನ 7ರ ಹತ್ತಿರ. ಬುರುಡೆಯ ಸಿಪ್ಪೆಯಾದರೋ ಮೆತ್ತನೆಯ ಕಟ್ಟಿಗೆಯಂತೆ. ತಿಕ್ಕಿದಷ್ಟೂ ಸಿಪ್ಪೆ ಸವೆಯಿತೇ ಹೊರತು ಕಲ್ಲು ಮಿಸುಕಲಿಲ್ಲ. ಕೊನೆಗೆ ಚೂರುಗಳ ಸುತ್ತ ತಗ್ಗು ಬಿದ್ದು, ಕಲ್ಲುಗಳು ಗುಳ್ಳೆಯಂತೆ ಎದ್ದು ನಿಂತವು. ಬುರುಡೆಯ ಜೊತೆಗೇ ಸವೆಯುವ ಕಲ್ಲು ಬೇಕೆಂದು ಆಗ ತಿಳಿಯಿತು.

ಅಂಥ ಕಲ್ಲು ನಮ್ಮ ನಾಡಿನಲ್ಲೇ ಇದೆ. ಅಣ್ಣಿಗೇರಿಯ ಅಮೃತೇಶ್ವರ, ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಗಳ ಶಿಲ್ಪಿಗಳು ಬಾಗಿಲವಾಡಗಳಲ್ಲಿ ಅಷ್ಟು ಸೂಕ್ಷ್ಮವಾದ ಬಳ್ಳಿಗಳನ್ನು ಬಿಡಿಸಲು ಸಾಧ್ಯವಾದದ್ದು ಬಳಪದ ಕಲ್ಲು ಉಳಿಗೆ ಸುಲಭವಾಗಿ ಒಲಿಯುವುದರಿಂದ. ವಿಗ್ರಹ ಕೆತ್ತುವ ಒಬ್ಬರ ಅಂಗಳದಲ್ಲಿ ಬಿದ್ದಿದ್ದ ಚಕ್ಕೆಗಳನ್ನು ಕೇಳಿ ತಂದುಕೊಂಡೆ. (ಹಳೆಯ ಗುಡಿಗಳ ಸುತ್ತ ಬಿದ್ದ ಒಂದು ಚೂರನ್ನೂ ಯಾರೂ ಮುಟ್ಟಬಾರದು.) ಬಿಳಿ ಮತ್ತು ಕೆಂಪಿಗೆ, ನೆಲಹಾಸಿಗೆ ಬಳಸುವ ಅಮೃತಶಿಲೆಯ ಹರಳುಗಳು ಸಾಕು, ಅವುಗಳ ಗಡಸುತನ ಸುಮಾರು 3.

ಮೂರನೆಯ ಬುರುಡೆಯನ್ನು ಬಟ್ಟಲಾಗಿ ಕತ್ತರಿಸಿ, ಬಾಯಿಯ ಕೆಳಗೆ ಸುತ್ತಲೂ ಜೋಳದ ತೆನೆಗಳ ಸಾಲು ಬರೆದೆ. ಕೊರೆಯುವ ಮೊದಲು ಬಡಗಿಗಳು ಬಳಸುವ ಫ್ರೆಂಚ್ ಪಾಲಿಶನ್ನು, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು, ಇಡೀ ಮೈಗೆ ಎರಡು ಸಲ ಬಳಿದೆ. ಇಲ್ಲವಾದರೆ ಅಂಟು ಸಿಪ್ಪೆಯೊಳಗೆ ಹರಡಿ ಅಳಿಸಲಾಗದ ಕಪ್ಪು ಕಲೆ ಉಳಿಯುತ್ತದೆ. ಗೆರೆಯ ಎರಡೂ ಅಂಚುಗಳನ್ನು ಚೂಪಾದ ಚಾಕುವಿನಿಂದ ನೆಟ್ಟಗೆ ಇಳಿಸಿದ ಮೇಲೆಯೇ ನಡುವಿನ ಭಾಗವನ್ನು ಕೈ ಯಂತ್ರದಿಂದ ತೆಗೆದೆ. ಅಂಚು ಇಳಿಜಾರಾದರೆ ಮುಂದೆ ತಿಕ್ಕುವಾಗ ಗೆರೆ ಅಂಕುಡೊಂಕಾಗಿ ಅಗಲವಾಗುತ್ತದೆ.

ಕಲ್ಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕುಟ್ಟಿ, ಒಣಗಿಸಿ, ಜರಡಿಯಿಂದ ಮೂರು ಗಾತ್ರಗಳನ್ನು ಬೇರ್ಪಡಿಸುತ್ತೇನೆ. ಜೋಳದ ಕಾಳಿನಷ್ಟು ದೊಡ್ಡ ಚೂರುಗಳನ್ನು ಚಿಮಟಿಗೆಯಿಂದ ಒಂದಕ್ಕೊಂದು ತಾಗುವಂತೆ ಜೋಡಿಸಿ, ಸಂದುಗಳಿಗೆ ರವೆಯಂಥ ಚೂರು ಸುರಿದು, ಕೊನೆಗೆ ಹುಡಿಯನ್ನು ಬ್ರಷ್‌ನಿಂದ ಒಳಕ್ಕೆ ತಳ್ಳುತ್ತೇನೆ. ಆಮೇಲೆ ನೀರಿನಂತೆ ತೆಳುವಾದ ಸಯನೋಅಕ್ರಿಲೇಟ್ ಅಂಟನ್ನು, ಅಂದರೆ ಸೂಪರ್ ಗ್ಲೂವನ್ನು, ಒಂದೊಂದೇ ಹನಿಯಾಗಿ ಬಿಡುತ್ತೇನೆ. ಹನಿ ಬಿದ್ದ ಕೂಡಲೇ ಬಿಳಿಚಿಕೊಂಡಿದ್ದ ಹುಡಿ ಗಾಢವಾಗುತ್ತ ಹೋಗುತ್ತದೆ, ಅಂಟು ಎಲ್ಲಿಯವರೆಗೆ ಇಳಿಯಿತೆಂದು ಅದರಿಂದಲೇ ಗೊತ್ತಾಗುತ್ತದೆ. ಈ ಅಂಟನ್ನು ಹತ್ತಿಯ ಬಟ್ಟೆಯಿಂದ ಒರೆಸಬಾರದು. ಹತ್ತಿಗೆ ತಾಗಿದರೆ ಬೆರಳು ಸುಡುವಷ್ಟು ಕಾಯುತ್ತದೆ. ಒಂದು ದಿನ ಬಿಟ್ಟು ನೋಡಿದಾಗ ತಗ್ಗುಗಳಿದ್ದರೆ ಮತ್ತೆ ಹುಡಿ, ಮತ್ತೆ ಹನಿ.

ತಿಕ್ಕುವುದಕ್ಕೆ ಪಾಲಿಶ್ ಕಾಗದವನ್ನು ಕಟ್ಟಿಗೆಯ ತುಂಡಿಗೆ ಸುತ್ತಿ ಹಿಡಿಯಬೇಕು, ಬರಿ ಬೆರಳಿನಿಂದ ಒತ್ತಿದರೆ ಮೆತ್ತನೆಯ ಕಡೆಗೇ ತಗ್ಗು ಬೀಳುತ್ತದೆ. 120ನೆಯ ನಂಬರಿನ ಒರಟು ಕಾಗದದಿಂದ ಆರಂಭಿಸಿ 220, 400, ಕೊನೆಗೆ ನಯವಾದ 600ರವರೆಗೆ ಹೋಗುತ್ತೇನೆ. ಕಲ್ಲಿನ ಹುಡಿಯೂ ಬುರುಡೆಯ ಹುಡಿಯೂ ಶ್ವಾಸಕೋಶಕ್ಕೆ ಕೆಟ್ಟವು, ಅದರಲ್ಲೂ ಬುರುಡೆಯ ಒಳಗಿನ ತಿರುಳಿನ ಧೂಳು ಗಂಟಲಲ್ಲಿ ಕಹಿಯಾಗಿ ಕೂರುತ್ತದೆ. ಆದ್ದರಿಂದ ಒಳ್ಳೆಯ ಮಾಸ್ಕ್ ಹಾಕಿಕೊಂಡು ಅಂಗಳದಲ್ಲೇ ಕೂರುತ್ತೇನೆ.

ಆ ಬಟ್ಟಲಿಗೆ ಕೊನೆಯಲ್ಲಿ ಜೇನುಮೇಣ ಸವರಿ ಒರೆಸಿದಾಗ ಬೂದಿ ಬಣ್ಣದ ಬಳಪದ ಕಲ್ಲು ಎರೆಮಣ್ಣಿನಂತೆ ಕಪ್ಪಾಯಿತು. ಕಣ್ಣು ಮುಚ್ಚಿ ಬೆರಳು ಆಡಿಸಿದರೆ ಏರುತಗ್ಗು ತಿಳಿಯುವುದಿಲ್ಲ. ಬೆರಳು ತೆನೆಯ ಮೇಲೆ ಬಂದಾಗ ಅಲ್ಲಿ ಮಾತ್ರ ತಣ್ಣಗೆ ಅನ್ನಿಸುತ್ತದೆ.