ಅದೇ ಜಾಗದಲ್ಲಿ ಮತ್ತೆ ಬರುವ ಕುರು

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಹಿರಿಯರು ರೆಪ್ಪೆಯ ಗಂಟು ತೋರಿಸಿ "ಕುರು ಅಷ್ಟೇ, ಡಾಕ್ಟ್ರೇ" ಅನ್ನುತ್ತಾರೆ. ಹೆಚ್ಚಿನ ಸಲ ಅದು ಕುರುವೇ. ಆದರೆ ವಯಸ್ಸಾದವರಲ್ಲಿ, ಕೊಯ್ದು ತೆಗೆದ ಮೇಲೂ ಅದೇ ಜಾಗದಲ್ಲಿ ಮತ್ತೆ ಬಂದರೆ ನನಗೆ ಕ್ಯಾನ್ಸರಿನ ಅನುಮಾನ ಬರುತ್ತದೆ.

ಅಡಿಕೆ ತೋಟದ ಅಜ್ಜಿಯೊಬ್ಬರಿಗೆ ಹಾಗೇ ಆಗಿತ್ತು. ಬೇರೆಡೆ ಗಂಟು ಕೊಯ್ದಿದ್ದರು, ಚೂರನ್ನು ಲ್ಯಾಬಿಗೆ ಕಳಿಸಿರಲಿಲ್ಲ. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪಿನಲ್ಲಿ ನೋಡಿದೆ. ಮೇಲಿನ ರೆಪ್ಪೆಯ ಅಂಚು ಹಳದಿಯಾಗಿ ದಪ್ಪಗಾಗಿತ್ತು. ಅಷ್ಟು ಜಾಗದಲ್ಲಿ ಮಾತ್ರ ರೆಪ್ಪೆಗೂದಲು ಒಂದೂ ಇಲ್ಲ. ಬರೀ ಕುರುವಿನಲ್ಲಿ ಕೂದಲು ಹೀಗೆ ಉದುರುವುದು ಕಮ್ಮಿ. ಕ್ಯಾನ್ಸರ್ ಹರಡಿದ್ದರೆ ಕಿವಿಯ ಮುಂದೆ, ದವಡೆಯ ಕೆಳಗೆ ಗಂಟು ಸಿಗಬಹುದು. ಅಲ್ಲಿ ಬೆರಳಿಟ್ಟು ನೋಡಿದೆ, ಸಿಗಲಿಲ್ಲ.

ಪಾಶ್ಚಾತ್ಯ ಪುಸ್ತಕಗಳಲ್ಲಿ ಮೊದಲು ಬರುವುದು ಬೇಸಲ್ ಸೆಲ್ ಅನ್ನುವ ಚರ್ಮದ ಕ್ಯಾನ್ಸರ್, ಅದು ಜಾಸ್ತಿ ಕೆಳರೆಪ್ಪೆಯಲ್ಲಿ. ನಮ್ಮ ದೇಶದಲ್ಲಿ ಎಣ್ಣೆ ಗ್ರಂಥಿಯ ಸೆಬೇಶಿಯಸ್ ಕ್ಯಾನ್ಸರೂ ಸಾಕಷ್ಟು ಕಾಣುತ್ತದೆ. ಮೇಲ್ರೆಪ್ಪೆಯಲ್ಲಿ ಆ ಗ್ರಂಥಿಗಳು ಹೆಚ್ಚು, ಹಾಗಾಗಿ ಅಲ್ಲೇ ಜಾಸ್ತಿ ಬರುತ್ತದೆ. ಇದು ಒಳಪೊರೆಯಲ್ಲಿ, ಅಂದರೆ ರೆಪ್ಪೆಯ ಒಳಬದಿಯನ್ನೂ ಕಣ್ಣಿನ ಬಿಳಿಭಾಗವನ್ನೂ ಮುಚ್ಚುವ ತೆಳು ಪೊರೆಯಲ್ಲಿ, ಸದ್ದಿಲ್ಲದೆ ಹರಡಬಲ್ಲದು. ಅದಕ್ಕೇ ಗಂಟಿನ ಜೊತೆ ಒಳಪೊರೆಯ ನಾಲ್ಕಾರು ಕಡೆಯಿಂದಲೂ ಸಣ್ಣ ಚೂರು ತೆಗೆದೆ. ಲ್ಯಾಬಿನ ಚೀಟಿಯಲ್ಲಿ ನನ್ನ ಅನುಮಾನವನ್ನು ಬರೆದೇ ಕಳಿಸಿದೆ. ಬರೆಯದಿದ್ದರೆ ಅವರಿಗೂ ಕಷ್ಟ ಅಲ್ವಾ?

ರಿಪೋರ್ಟಿನಲ್ಲಿ ಸೆಬೇಶಿಯಸ್ ಕ್ಯಾನ್ಸರ್ ಅಂತಲೇ ಬಂತು. ಒಳಪೊರೆಯ ಚೂರುಗಳಲ್ಲಿ ಏನೂ ಇರಲಿಲ್ಲ. ಆಪರೇಷನ್ ಮಂಗಳೂರಿನಲ್ಲಿ, ಫ್ರೋಜನ್ ಸೆಕ್ಷನ್ (ಆಪರೇಷನ್ ನಡೆಯುವಾಗಲೇ ಚೂರನ್ನು ಹೆಪ್ಪುಗಟ್ಟಿಸಿ ನೋಡುವ ಪರೀಕ್ಷೆ) ಇರುವ ಕಡೆ ಮಾಡಿದೆ. ಗಂಟಿನ ಸುತ್ತ 5 ಮಿ.ಮೀ. ಒಳ್ಳೆಯ ಭಾಗವನ್ನೂ ಸೇರಿಸಿ ತೆಗೆದು, ಅಂಚುಗಳಲ್ಲಿ ಕ್ಯಾನ್ಸರ್ ಇಲ್ಲ ಅಂತ ಅಲ್ಲಿಂದಲೇ ಖಾತ್ರಿ ಆದ ಮೇಲೆ ರೆಪ್ಪೆ ಕಟ್ಟಲು ಶುರುಮಾಡಿದೆ. ಸಣ್ಣ ಗಾಯವಾದರೆ ನೇರ ಹೊಲಿಯಬಹುದು. ಇಲ್ಲಿ ಅರ್ಧಕ್ಕಿಂತ ಹೆಚ್ಚು ರೆಪ್ಪೆ ಹೋಗಿತ್ತು. ಕಟ್ಲರ್-ಬಿಯರ್ಡ್ ವಿಧಾನದಲ್ಲಿ ಕೆಳರೆಪ್ಪೆಯ ಅಂಚನ್ನು ಹಾಗೇ ಉಳಿಸಿ, ಅದರ ಅಡಿಯಿಂದ ರೆಪ್ಪೆಯ ಪೂರ್ತಿ ದಪ್ಪದ ಪಟ್ಟಿಯನ್ನು ಎಳೆದು ಮೇಲೆ ಹೊಲಿದೆ.

ಹೀಗೆ ಮಾಡಿದರೆ ಆ ಕಣ್ಣು 6ರಿಂದ 8 ವಾರ ಮುಚ್ಚಿಯೇ ಇರಬೇಕು. "ಅಷ್ಟು ದಿನ ಒಂದೇ ಕಣ್ಣಾ?" ಅಂತ ಅಜ್ಜಿ ಮೊದಲೇ ಕೇಳಿದ್ದರು. ಇನ್ನೊಂದು ಕಣ್ಣಿನ ದೃಷ್ಟಿ ನೋಡಿಯೇ ನಾನು ಒಪ್ಪಿದ್ದು. ಒಂದೇ ಕಣ್ಣಲ್ಲಿ ದೂರ, ಆಳದ ಅಂದಾಜು ತಪ್ಪುತ್ತದೆ. ತೋಟದ ಸಂಕ (ಕಾಲುಸೇತುವೆ) ದಾಟುವಾಗ ಕೈ ಹಿಡಿಯಿರಿ ಅಂತ ಮಗನಿಗೆ ಹೇಳಿದೆ.

ಆಮೇಲೆ ಕೆಳರೆಪ್ಪೆಯಿಂದ ಎಳೆದಿದ್ದ ಆ ಪಟ್ಟಿಯನ್ನು ಕೊಯ್ದು ಬಿಡಿಸಿ ಕಣ್ಣು ತೆರೆದೆ. ಹೊಸ ಅಂಚಿನಲ್ಲಿ ಕೂದಲು ಬರುವುದಿಲ್ಲ, ಅದನ್ನೂ ಮೊದಲೇ ಹೇಳಿದ್ದೆ. ಈಗಲೂ ಅವರು ಬಂದಾಗಲೆಲ್ಲ ರೆಪ್ಪೆ ಮಗುಚಿ ನೋಡುತ್ತೇನೆ, ಕಿವಿಯ ಮುಂದೆ ಮುಟ್ಟಿ ನೋಡುತ್ತೇನೆ. ಈ ಕ್ಯಾನ್ಸರ್ ವರ್ಷಗಳ ನಂತರವೂ ಮರಳಬಹುದು.