ಬೆಳ್ಳಕ್ಕಿಯ ಬಿಳಿ ಉಳಿಸಿಕೊಂಡಿದ್ದು

ಮೊದಲ ಸಲ ಮಂಡಗದ್ದೆಗೆ ಕ್ಯಾಮೆರಾ ಹಿಡಿದು ಹೋದಾಗ 300ಕ್ಕೂ ಜಾಸ್ತಿ ಫೋಟೊ ತೆಗೆದಿದ್ದೆ. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ ನೋಡಿದರೆ, ಹಾರುತ್ತಿದ್ದ ಬೆಳ್ಳಕ್ಕಿಗಳೆಲ್ಲ ಸುಣ್ಣ ಬಳಿದ ಹಾಗಿದ್ದವು. ರೆಕ್ಕೆಯಲ್ಲಿ ಒಂದು ಗರಿಯೂ ಬಿಡಿಬಿಡಿಯಾಗಿ ಕಾಣಲಿಲ್ಲ. ಅವತ್ತು ತುಂಬಾ ಬೇಜಾರಾಗಿತ್ತು.

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಹೋದರೆ ಮಂಡಗದ್ದೆ. ರಸ್ತೆ ಪಕ್ಕದಲ್ಲೇ ತುಂಗೆ. ಹೊಳೆ ನಡುವಿನ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಹಿಂದೆ ದಟ್ಟ ಹಸಿರು, ಮೇಲೆ ಮೋಡ. ತೊಂದರೆ ಶುರುವಾಗುವುದೇ ಇಲ್ಲಿ. ಫೋಟೊ ತುಂಬ ಕಪ್ಪು ಹಸಿರೇ ಇದ್ದರೆ, ಬೆಳಕು ಸಾಲದು ಅಂತ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಲೆಕ್ಕ ಹಾಕುತ್ತದೆ. ಆಟೊದಲ್ಲಿ ಬೆಳಕು ಏರಿಸುತ್ತದೆ, ಬಿಳಿ ಹಕ್ಕಿ ಸುಟ್ಟುಹೋಗುತ್ತದೆ, ಅಂದರೆ ಗರಿಯ ವಿವರ ಅಳಿಸಿ ಬರೀ ಬಿಳಿ ಉಳಿಯುತ್ತದೆ. ಅದೇ ಹಕ್ಕಿ ಮೇಲೆದ್ದು ಮೋಡದ ಮುಂದೆ ಬಂದರೆ ಲೆಕ್ಕ ಉಲ್ಟಾ, ಹಕ್ಕಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಹಕ್ಕಿಯ ಮೇಲೆ ಬೀಳುವ ಬೆಳಕು ಎರಡೂ ಕಡೆ ಹೆಚ್ಚುಕಮ್ಮಿ ಒಂದೇ, ಅಲ್ವಾ?

ಇದು ಹೊಳೆದ ಮೇಲೆ, ಎಲ್ಲವನ್ನೂ ನಾವೇ ಹೊಂದಿಸುವ ಮ್ಯಾನುಯಲ್ ಮೋಡ್‌ಗೆ ಬಂದೆ. ಮೋಡವಿದ್ದ ದಿನ ಶಟರ್ (ಬೆಳಕು ಒಳಬಿಡುವ ಹೊತ್ತು) 1/1600 ಸೆಕೆಂಡ್, ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್/6.3, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ರಿಂದ ಶುರು ಮಾಡುತ್ತೇನೆ. ಕೊಂಬೆ ಮೇಲೆ ಸುಮ್ನೆ ಕೂತಿರುವ ಒಂದು ಬೆಳ್ಳಕ್ಕಿಯ ಫೋಟೊ ತೆಗೆದು ಪರದೆಯಲ್ಲಿ ನೋಡುತ್ತೇನೆ. ಬೆಳಕು ಮಿತಿಮೀರಿದ ಜಾಗ ಮಿಣಮಿಣ ಅನ್ನುವ ಹಾಗೆ ಕ್ಯಾಮೆರಾದಲ್ಲೇ ಒಂದು ಸೆಟ್ಟಿಂಗ್ ಇದೆ. ಬೆನ್ನಿನ ಮೇಲೆ ಮಿಣುಕಿದರೆ ಐಎಸ್ಒ ಇಳಿಸುತ್ತೇನೆ. ಮಿಣುಕುವುದು ನಿಂತಿತೋ, ಅಲ್ಲಿಗೆ ಸರಿಯಾಯಿತು. ಆಮೇಲೆ ಹಕ್ಕಿ ಹಸಿರಿನ ಮುಂದೆ ಹಾರಲಿ, ಮೋಡದ ಮುಂದೆ ಹಾರಲಿ, ಗುಂಡಿ ಮುಟ್ಟುವುದಿಲ್ಲ. ಬಿಸಿಲು ಬಿದ್ದರೆ ಮಾತ್ರ ಮತ್ತೆ ಮೊದಲಿನಿಂದ. ಕಪ್ಪು ನೀರುಕಾಗೆ ಬೇಕಿದ್ದರೆ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಬೆಳಕು ಜಾಸ್ತಿ ಕೊಡಬೇಕು. ಎರಡನ್ನೂ ಒಂದೇ ಸೆಟ್ಟಿಂಗ್‌ನಲ್ಲಿ ಹಿಡಿಯುವ ಆಸೆ ನಾನು ಬಿಟ್ಟಿದ್ದೇನೆ.

ಫೋಕಸ್ ಬಿಡದೆ ಹಿಂಬಾಲಿಸುವ ಮೋಡ್‌ನಲ್ಲಿರಬೇಕು. ನನ್ನದು 70–300 ಮಿ.ಮೀ. ಜೂಮ್ ಲೆನ್ಸ್. ಮೊದಲೇ 300ಕ್ಕೆ ಎಳೆದರೆ ಹಾರುವ ಹಕ್ಕಿ ಕಣ್ಣಿಗೇ ಸಿಗುವುದಿಲ್ಲ. 150ರ ಹತ್ತಿರ ಹಿಡಿದು, ಹಕ್ಕಿ ಸಿಕ್ಕ ಮೇಲೆ ಎಳೆಯುತ್ತೇನೆ.

ಎಲ್ಲಿ ನಿಲ್ಲಬೇಕು ಅಂತ ಹೇಳಿಕೊಟ್ಟವರು ದಡದಲ್ಲಿ ಸಿಕ್ಕ ಊರಿನ ಹಿರಿಯರೊಬ್ಬರು. ನಾನು ನಿಂತ ಜಾಗ ನೋಡಿ, "ಅಲ್ಲಿ ನಿಂತ್ರೆ ಬರೀ ಬಾಲ ಸಿಗತ್ತೆ ಮಾರಾಯ್ರೆ, ಗಾಳಿ ಬೆನ್ನಿಗಿರ್ಲಿ" ಅಂದರು. ಹಕ್ಕಿ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಮೇಲೇಳುವುದು, ಇಳಿಯುವುದು. ಗಾಳಿ ನನ್ನ ಬೆನ್ನಿಗಿದ್ದರೆ ಅದರ ಮುಖ ನನ್ನ ಕಡೆ. ಅವತ್ತಿನಿಂದ ಕಾರಿನಿಂದ ಇಳಿದ ಕೂಡಲೇ ಮೊದಲು ಎಲೆ ಯಾವ ಕಡೆ ಅಲ್ಲಾಡುತ್ತಿದೆ ಅಂತ ನೋಡುತ್ತೇನೆ.

ಕೆಲವರು ಹಕ್ಕಿ ಎಬ್ಬಿಸಲು ಚಪ್ಪಾಳೆ ತಟ್ಟುತ್ತಾರೆ. ದಯವಿಟ್ಟು ಬೇಡ. ತಾಯಿ ಎದ್ದು ಹೋದರೆ ಗೂಡಿನ ಮೊಟ್ಟೆಗೆ ಕಾಗೆ ಕಾಯುತ್ತಿರುತ್ತದೆ. ಅರ್ಧ ಗಂಟೆ ಕೂತರೆ ಅವೇ ಹಾರುತ್ತವೆ.

ಮನೆಯಲ್ಲಿ ಮಾಡುವ ಕೆಲಸ ಈಗ ಕಮ್ಮಿ. ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಫೈಲ್) ಹೈಲೈಟ್, ಅಂದರೆ ತುಂಬಾ ಬೆಳ್ಳಗಿರುವ ಭಾಗ, ಚೂರು ಇಳಿಸಿ, ರೆಕ್ಕೆಯ ಕೆಳಗಿನ ನೆರಳು ಸ್ವಲ್ಪ ಏರಿಸುತ್ತೇನೆ. ಕತ್ತರಿಸುವಾಗ ಕೊಕ್ಕಿನ ಮುಂದೆ ಜಾಗ ಬಿಡುತ್ತೇನೆ. ಸುಟ್ಟುಹೋದ ಬಿಳಿಯನ್ನು ಮಾತ್ರ ಯಾವ ಸಾಫ್ಟ್‌ವೇರ್‌ನಿಂದಲೂ ಸರಿಯಾಗಿ ವಾಪಸ್ ತರಲು ನನಗೆ ಆಗಿಲ್ಲ.

ಹೋದ ಮಳೆಗಾಲದ ಒಂದು ಫೋಟೊ ಗೋಡೆಗೆ ಹಾಕಿದ್ದೇನೆ. ಬೆಳ್ಳಕ್ಕಿ ಕಡ್ಡಿ ಕಚ್ಚಿಕೊಂಡು ಗೂಡಿಗೆ ಇಳಿಯುತ್ತಿದೆ. ರೆಕ್ಕೆ ತುದಿಯ ಗರಿಗಳನ್ನು ಒಂದೊಂದಾಗಿ ಎಣಿಸಬಹುದು. ಕಡ್ಡಿಯ ತುದಿಯಲ್ಲಿ ಒಂದು ನೀರಿನ ಹನಿ ನಿಂತಿದೆ.